ಹಗುರದ ರಾಡು, ಭಾರದ ಮೀನು

ಹೊನ್ನಾವರದ ಗುಮಾಸ್ತ ವಿಠೋಬ ಗುನಗನಿಗೆ ಮೀನು ತಿನ್ನುವುದು ಬರುತ್ತಿತ್ತೇ ಹೊರತು ಹಿಡಿಯುವುದು ಬರುತ್ತಿರಲಿಲ್ಲ. ಅಂಥವನನ್ನು ಕರೆದು ಬಯಲುಸೀಮೆಯಿಂದ ಬಂದ ಸಾಹೇಬರು ಅಪ್ಪಣೆ ಮಾಡಿದರು: “ದಡದಲ್ಲೇ ನಿಂತು ಸಮುದ್ರದ ಮೀನು ಹಿಡಿಯೋಕೆ ರೀಲಿನ ರಾಡು ಆರಿಸಿ ತಗೊಂಡು ಬಾ. ಹೂವಿನಷ್ಟು ಹಗುರ ಇರಬೇಕು. ಭಾನುವಾರ ದೊಡ್ಡ ಮೀನು ಕಚ್ಚದಿದ್ದರೆ ನಿನಗೆ ವರ್ಗಾವಣೆ!”

ಅಂಗಡಿಯಲ್ಲಿ ವಿಠೋಬ ಒಂದೊಂದೇ ರಾಡು ಎತ್ತಿ ನೋಡಿದ. ಏನೂ ಅರ್ಥವಾಗಲಿಲ್ಲ. ಸಾಹೇಬರು ಸಿಟ್ಟಿಗೆದ್ದು ಬಾರಿಸಿದರೆ ಯಾವುದರ ಪೆಟ್ಟು ಕಡಿಮೆ ಎಂದು ತನ್ನ ಬೆನ್ನಿಗೇ ಬಡಿದುಕೊಂಡು ನೋಡಿ, ತೀರ ಹಗುರದ್ದನ್ನು ಆರಿಸಿದ.

ಭಾನುವಾರ ಅವರನ್ನು ತನಗೆ ಚೆನ್ನಾಗಿ ಗೊತ್ತಿದ್ದ ಜಾಗಕ್ಕೇ ಕರೆದೊಯ್ದ. ಅಲ್ಲಿ ನೀರಿನಡಿಯ ಬಂಡೆಯೊಂದು, ಹಿಂದೆ ಅವನು ಮೀನಿನಾಸೆಗೆ ಬರಿಗೈಯಲ್ಲಿ ದಾರ ಕಟ್ಟಿ ಎಸೆದಿದ್ದ ಗಾಳಗಳನ್ನೆಲ್ಲ ನುಂಗಿ ಕೂತಿತ್ತು.

ಸಾಹೇಬರು ಎಸೆದ ಗಾಳವೂ ಸಿಕ್ಕಿಕೊಂಡಿತು. ರಾಡು ಬಿಲ್ಲಿನಂತೆ ಬಾಗಿತು. “ಕಚ್ಚಿತು ಕಣಯ್ಯ! ಆನೆಯಂಥ ಮೀನು!” ಎಂದು ಬೆವರು ಸುರಿಸಿ ಎಳೆದರು. ಕೊನೆಗೆ ದಾರ ಪಟ್ಟನೆ ಹರಿಯಿತು.

“ತಪ್ಪಿಸಿಕೊಂಡಿತಲ್ಲೋ! ಆದರೆ ರಾಡು ಭಲೇ ರಾಡು! ಇಂಥ ಮೀನು ನಿನಗೆ ಯಾವತ್ತಾದರೂ ಕಚ್ಚಿದೆಯಾ?”

“ಇದೇ ಮೀನು ನನಗೂ ಬಹಳ ಸಲ ಕಚ್ಚಿದೆ ಸಾರ್,” ಎಂದ ವಿಠೋಬ, ತಲೆ ಕೆರೆದುಕೊಂಡು. “ಮೇಲೆತ್ತುವ ಯೋಗ್ಯತೆ ನನಗಿಲ್ಲ. ತಾವು ಮುಂದಿನ ವಾರ ಬನ್ನಿ, ಅದು ಎಲ್ಲಿಗೂ ಹೋಗೋದಿಲ್ಲ.”