ಗುಳಿಗೆ ಯಾರ ಮನೆಯದು?

"ಕೇಳಿರಪ್ಪೋ ಕೇಳಿ! ಹೊನ್ನಕೋಟೆಯ ದೊರೆ ವೀರಮಾರಸರ ಅಪ್ಪಣೆ! ರಾಜಕುಮಾರಿ ಮುದ್ದಲದೇವಿಯವರು ಮೂರು ಒಗಟು ಕೇಳುತ್ತಾರೆ. ಬಿಡಿಸಿದವನಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವನ ತಲೆ ಸಂಜೆಗೆ ಹೋಗುತ್ತದೆ!"

ಡಂಗುರ ಗಜಶಾಲೆಯ ಮುಂದೆ ಹಾದುಹೋದಾಗ ಮಾವುತ ಬೊಳ್ಳ ತನ್ನ ಆನೆಯ ಹೊಟ್ಟೆಗೆ ಕಿವಿಯಿಟ್ಟು ಕುಳಿತಿದ್ದ. ಆನೆಯ ಹೆಸರು ಸಣ್ಣಮ್ಮ. ಹೆಸರಷ್ಟೇ ಸಣ್ಣದು. ಹೊಟ್ಟೆಶೂಲೆ ಬಂದು ಹುಲ್ಲು ಮುಟ್ಟದೆ ಮಲಗಿದ್ದಳು. ಅವಳಿಗೆಂದು ಅರಮನೆಯ ಯಂತ್ರ ಕಳಿಸಿದ ಗುಳಿಗೆ ಕಡಲೆಕಾಳಿನಷ್ಟಿತ್ತು.

ಆ ರಾಜ್ಯದಲ್ಲಿ ಕಣಜಕ್ಕೆ, ಅಡುಗೆಮನೆಗೆ, ಔಷಧಾಲಯಕ್ಕೆ, ಗಜಶಾಲೆಗೆ, ಎಲ್ಲಕ್ಕೂ ಅಳೆದು ಕೊಡುವುದು ಯಂತ್ರವೇ. ಅದಕ್ಕೆ ತಿಳಿಯುವುದು ರೂಬಿ ಎಂಬ ಒಂದೇ ಭಾಷೆ. ಯಾರಿಗೆ ಏನು ಬೇಕೋ ಅವರೇ ಆ ಭಾಷೆಯಲ್ಲಿ ಬರೆದು ಯಂತ್ರದ ಒಂದೇ ಅಂಗಳಕ್ಕೆ ಸುರಿಯುತ್ತಿದ್ದರು. ಪಾಲುಗಾರರು ಹೆಚ್ಚಾದ ಅಂಗಡಿಯ ಹಾಗೆ: ಲಾಭ ಎಲ್ಲರದು, ಕಸ ಯಾರದೂ ಅಲ್ಲ.

ಬರೆದದ್ದನ್ನು ತಿದ್ದಬೇಕಾದರೆ ಯಂತ್ರವನ್ನು ನೋಡಿಕೊಳ್ಳುವ ರಾಜಕುಮಾರಿಯ ಒಪ್ಪಿಗೆ ಬೇಕು. ಒಪ್ಪಿಗೆ ಕೇಳಲು ಹೋದ ಬೊಳ್ಳನನ್ನು ಕಾವಲಿನವರು ಬಾಗಿಲಲ್ಲೇ ಅಟ್ಟಿದ್ದರು. ಈಗ ಒಗಟಿನ ನೆಪದಲ್ಲಿ ಬಾಗಿಲು ತೆರೆದಿದೆ. ಹೋದರೆ ತಲೆ, ಹೋಗದಿದ್ದರೆ ಸಣ್ಣಮ್ಮ. ಅವನು ಪಂಚೆ ಕೊಡವಿ ಎದ್ದ.

ಸಭೆಯಲ್ಲಿ ಮುದ್ದಲದೇವಿ ಮೊದಲ ಒಗಟನ್ನು ಒಡ್ಡಿದ್ದಳು. "ಒಂದೇ ಹೆಸರಿನ ಇಬ್ಬರು ಒಂದೇ ಅಂಗಳಕ್ಕೆ ಬಂದರು. ಜಗಳವಾಗಲಿಲ್ಲ, ಕೂಗು ಕೇಳಲಿಲ್ಲ. ಬೆಳಗಾಗುವಾಗ ಒಬ್ಬನೇ ಉಳಿದಿದ್ದ. ಇನ್ನೊಬ್ಬ ಏನಾದ?"

"ಬಲಶಾಲಿ ಬಡಪಾಯಿಯನ್ನು ಕೊಂದ!" ಎಂದ ಸೇನಾಪತಿಯ ಮಗ ರಣಧವಳ.

"ಜಗಳವಾಗಲಿಲ್ಲ ಎಂದೆನಲ್ಲ."

ಅವನನ್ನು ಕಂಬಕ್ಕೆ ಕಟ್ಟಿದರು. ಪಂಡಿತ ತಿರುಮಲಾರ್ಯ ಬಹಳ ಯೋಚಿಸಿ, "ಕಾಲ ಅವನನ್ನು ನುಂಗಿತು" ಎಂದ.

"ಎಲ್ಲ ಒಗಟಿಗೂ ಹೊಂದುವ ಉತ್ತರ ಯಾವ ಒಗಟಿಗೂ ಉತ್ತರವಲ್ಲ, ಪಂಡಿತರೆ."

ಎರಡನೆಯ ಕಂಬವೂ ತುಂಬಿತು. ಮುಂದೆ ಬಂದ ಬೊಳ್ಳನನ್ನು ನೋಡಿ ರಣಧವಳ ಕಟ್ಟಿದಲ್ಲಿಂದಲೇ ನಕ್ಕ. "ಲದ್ದಿ ವಾಸನೆ ಬಂತಲ್ಲ! ಮೂರನೆಯ ಕಂಬ ನಿನಗೇ ಕಾಯ್ತಿದೆ, ಬಾರೋ."

ಬೊಳ್ಳ ಕೈಮುಗಿದ. "ಅವನು ಸಾಯಲಿಲ್ಲ, ತಾಯಿ. ಎರಡನೆಯವನು ಅವನ ಮನೆಯೊಳಗೇ ಹೊಕ್ಕು ಕುಳಿತ. ನಾನು ಆನೆಗಳಿಗೆಂದು ಗುಳಿಗೆ ಅನ್ನುವ ಕ್ಲಾಸ್, ಅಂದರೆ ಗುಳಿಗೆಯ ಅಚ್ಚು, ಬರೆದೆ. ಔಷಧಾಲಯದವರು ಮನುಷ್ಯರಿಗೆಂದು ಗುಳಿಗೆ ಅಂತಲೇ ಬರೆದರು. ಒಂದೇ ಹೆಸರು ಎರಡು ಸಲ ಬಂದರೆ ರೂಬಿ ತಕರಾರು ಮಾಡುವುದಿಲ್ಲ. ಹಳೆಯದನ್ನೇ ತೆರೆದು, ಹಳೆಯ ತೂಕದ ಮೇಲೆ ಹೊಸ ತೂಕ ಬರೆಯುತ್ತದೆ. ಹಾಗಾಗಿ ನನ್ನ ಆನೆಗೆ ಮನುಷ್ಯರ ಗುಳಿಗೆ ಬಂತು. ಹಿಂದುಮುಂದಾಗಿದ್ದರೆ ದೊರೆಗಳಿಗೆ ಆನೆಯದು ಬರುತ್ತಿತ್ತು."

ದೊರೆ ಸದ್ದಿಲ್ಲದೆ ಗಂಟಲು ಮುಟ್ಟಿಕೊಂಡ.

"ಮದ್ದೇನು?" ಎಂದಳು ಮುದ್ದಲದೇವಿ.

"ಮಾಡ್ಯೂಲ್ ಅಂತ ಒಂದೊಂದು ಮನೆ ಕಟ್ಟಿ ಒಳಗಿಡಬೇಕು. ಗಜಶಾಲೆಯ ಗುಳಿಗೆ ಬೇರೆ, ಔಷಧಾಲಯದ ಗುಳಿಗೆ ಬೇರೆ."

ಅವಳು ತಲೆದೂಗಲಿಲ್ಲ, ಕಂಬವನ್ನೂ ತೋರಿಸಲಿಲ್ಲ. "ಎರಡನೆಯದು ಕೇಳು. ಜನರನ್ನು ಸಾಲಾಗಿ ಕೂರಿಸಿ, ಇಷ್ಟನೆಯ ಎಲೆಗೆ ಇಂಥದ್ದು ಅಂತ ಬಡಿಸಲು ಹೇಳಿದೆ. ನಡುವಿನವನೊಬ್ಬ ಎದ್ದುಹೋದ. ಅವನ ನಂತರದವರೆಲ್ಲ ಬೇರೆಯವರ ಊಟ ಉಂಡರು. ತಪ್ಪು ಎದ್ದವನದೋ ಬಡಿಸಿದವನದೋ?"

"ಕೂರಿಸಿದವರದು" ಎಂದ ಬೊಳ್ಳ. ಸಭಿಕರು ಮೂರನೆಯ ಕಂಬದತ್ತ ನೋಡಿದರು. ಕೂರಿಸಿದವಳು ರಾಜಕುಮಾರಿಯೇ ತಾನೆ. "ಆ ಸಾಲಿಗೆ ರೂಬಿಯಲ್ಲಿ ಅರೇ ಅಂತಾರೆ. ಅಲ್ಲಿ ಜಾಗಕ್ಕೆ ಬೆಲೆ, ಹೆಸರಿಗಿಲ್ಲ. ಒಬ್ಬ ಎದ್ದರೆ ಹಿಂದಿನವರೆಲ್ಲ ಮುಂದೆ ಸರೀತಾರೆ. ನಮ್ಮಲ್ಲೊಂದು ಸಲಗ ಸತ್ತಾಗ ಅದರ ಮೇವು ಹಿಂದಿದ್ದ ಮರಿಗೆ ಬಂತು, ಮರಿಯ ಹಾಲು ಅದರ ಹಿಂದಿದ್ದ ಮುದಿಯಾನೆಗೆ. ನದಿಗಿಳಿಸುವಾಗ ಸಾಲೇ ಸರಿ, ಸರದಿ ಮುಖ್ಯ. ಮೇವಿಗೆ ಮಾತ್ರ ಹ್ಯಾಶ್ ಬೇಕು. ಅದರಲ್ಲಿ ಹೆಸರು ಹೇಳಿದರೆ ಅವರ ಪಾಲು ಸಿಗುತ್ತದೆ, ಯಾರು ಎದ್ದರೂ ಉಳಿದವರದು ಕದಲುವುದಿಲ್ಲ."

ರಣಧವಳನ ನಗು ನಿಂತಿತ್ತು.

"ಮೂರನೆಯದರ ಉತ್ತರ ನನಗೂ ಗೊತ್ತಿಲ್ಲ. ಕೇಳಿದರೆ ಗೊತ್ತಾಗುತ್ತದೆ" ಎಂದಳು ಅವಳು, ದನಿ ತಗ್ಗಿಸಿ. "ಹೆಸರುಗಳು ಬಡಿದಾಡದಿರಲೆಂದು ಅಡುಗೆಯವರಿಗೆ ಮಾತ್ರ ನಾನೇ ಮನೆ ಕಟ್ಟಿ ನೋಡಿದೆ. ಮನೆಯೊಳಗೆ ಮನೆ, ಅದರೊಳಗೆ ಇನ್ನೊಂದು. ಈಗ ಹೆಸರು ಬಡಿದಾಡುತ್ತಿಲ್ಲ. ಆದರೆ ಉಪ್ಪು ಎಲ್ಲಿದೆಯೆಂದು ನನಗೇ ತಿಳಿಯುತ್ತಿಲ್ಲ. ಹಾಗಾದರೆ ಎಷ್ಟು ಮನೆ ಬೇಕು?"

ಕಿಟಕಿಯಲ್ಲಿ ಬಿಸಿಲು ಕೆಂಪಾಗುತ್ತಿತ್ತು. ಬೊಳ್ಳ ಗಜಶಾಲೆಯನ್ನು ನೆನೆದ. ಎಷ್ಟೋ ಕೋಣೆಗಳಿದ್ದವು. ಮಾವುತನಿದ್ದ ಕೋಣೆಯಲ್ಲಿ ಆನೆ ಬದುಕುತ್ತಿತ್ತು, ಇಲ್ಲದ ಕೋಣೆಯಲ್ಲಿ ಹೆಗ್ಗಣ.

"ಬೀಗದಕೈ ಹಿಡಿದು, ಕೇಳಿದಾಗ ಓಗೊಡುವವರು ಎಷ್ಟು ಮಂದಿಯೋ ಅಷ್ಟೇ ಮನೆ, ತಾಯಿ. ಆಳಿಲ್ಲದ ಮನೆಯನ್ನು ಕೆಡವಿಬಿಡಿ."

ಮುದ್ದಲದೇವಿ ದೊರೆಯ ಕಡೆ ತಿರುಗಿದಳು. "ಅಪ್ಪಾಜಿ, ಇದೇ ಉತ್ತರ" ಎಂದಳು.

"ಬೇಡಿಕೋ" ಎಂದ ದೊರೆ. "ಅರ್ಧ ರಾಜ್ಯವೋ, ಮಗಳ ಕೈಯೋ?"

"ಗಜಶಾಲೆಯ ಬೀಗದಕೈ ಕೊಡಿ, ಬುದ್ಧಿ. ಜೊತೆಗೆ ಆ ಕಂಬದಲ್ಲಿರುವ ಇಬ್ಬರನ್ನೂ."

"ಅವರನ್ನೇಕೆ? ನಿನ್ನನ್ನು ನೋಡಿ ನಕ್ಕವನು ಅವನು!"

"ನಗಲಿ ಬಿಡಿ. ಅಡುಗೆಮನೆಗೊಬ್ಬ ಬೇಕು, ಕಣಜಕ್ಕೊಬ್ಬ ಬೇಕು. ತಲೆ ಇಲ್ಲದವನ ಕೈಗೆ ಬೀಗದಕೈ ಕೊಡೋಕಾಗುತ್ತದೆಯೇ?"

ದೊರೆ ಕಟ್ಟು ಬಿಚ್ಚಿಸಿದ. ಮುದ್ದಲದೇವಿ ಅಲ್ಲೇ ಕುಳಿತು ಗಜಶಾಲೆಯ ಮನೆ ಕಟ್ಟಿ, ಗುಳಿಗೆಯನ್ನು ಅದರೊಳಗಿಟ್ಟು, ಬೀಗದಕೈಯನ್ನು ಬೊಳ್ಳನಿಗೆ ಕೊಟ್ಟಳು. ಯಂತ್ರ ಗೊರಗುಟ್ಟಿ ತೆಂಗಿನಕಾಯಿ ಗಾತ್ರದ ಗುಳಿಗೆಯೊಂದನ್ನು ಉರುಳಿಸಿತು.

ಆ ಸಂಜೆ ಹೊನ್ನಕೋಟೆಯಲ್ಲಿ ಕೊಡಲಿಗೆ ಕೆಲಸವಿರಲಿಲ್ಲ. ಸಣ್ಣಮ್ಮ ಎದ್ದು ನಿಂತು ಹುಲ್ಲಿಗೆ ಸೊಂಡಿಲು ಚಾಚಿದಳು.