ತಾರಸ್ವರಕ್ಕೆ ಬಿಟ್ಟ ಜಾಗ

"ಅಜ್ಜಾರ, ನನ್ನ ಸ್ವಭಾವನ ಒರಟೇನ್ರಿ?" ಎಂದು ಶಿಷ್ಯ ಶಾಂತಮಲ್ಲ ತನ್ನ ಗುರುಗಳನ್ನು ಕೇಳಿದ.

ಮಠದ ದಾಸೋಹ ನೋಡಿಕೊಳ್ಳುತ್ತಿದ್ದವನು ಅವನೇ. ಉಗ್ರಾಣ ಅವನದು, ಗೋಶಾಲೆ ಅವನದು, ಮಕ್ಕಳ ವಸತಿನಿಲಯವೂ ಅವನ ಪಾಲಿಗೇ ಬಂದಿತ್ತು. ಯಾರು ಏನು ಹೇಳಿದರೂ ಆಗಲಿ ಎನ್ನುತ್ತಿದ್ದ. ಆಗಲಿ ಎಂದಾಗಲೆಲ್ಲ ಸೊಂಟದ ಗೊಂಚಲಿಗೆ ಇನ್ನೊಂದು ಕೀಲಿಕೈ ಸೇರುತ್ತಿತ್ತು. ಅಂದು ಮಧ್ಯಾಹ್ನ ಪಂಕ್ತಿಯಲ್ಲಿ ಕುಳಿತ ಮುದುಕಿಯೊಬ್ಬಳು ಇನ್ನೊಂದು ಸೌಟು ಸಾರು ಕೇಳಿದ್ದಳು. ಅವನು ಕಿರುಚಿಬಿಟ್ಟಿದ್ದ. ಆಕೆ ತಾಟಿನಲ್ಲಿ ಅನ್ನ ಬಿಟ್ಟು ಎದ್ದು ಹೋಗಿದ್ದಳು.

"ಸಾಕಾಗೇತ್ರಿ. ದಿನಾ ಸಂಜಿಗೆ ಮೌನ ಹಿಡೀತೀನಿ. ಮರುದಿನ ಬಾಯಿ ತೆರದ್ರ ಅದೇ ಒಡಕು ಮಾತು. ನಾ ಇರೂದ ಹಿಂಗ ಅಂದ್ರ ಮಠ ಬಿಟ್ಟು ಹೋಗ್ತೀನಿ."

ಗುರುಗಳಿಗೂ ದಣಿವಾಗಿತ್ತು. ಗೋಡೆಗೆ ಒರಗಿ, ಕಣ್ಣು ಮುಚ್ಚಿಕೊಂಡೇ ಈ ಕತೆ ಹೇಳಿದರು.

ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅವನ ಹೆಂಡತಿ ಹಾಡುತ್ತಿದ್ದಳು. ಅವಳಿಗೆ ಗಂಟಲಿನ ರೋಗ ಬಂತು. ಶಸ್ತ್ರಚಿಕಿತ್ಸೆಯಾಯಿತು. ಜೀವ ಉಳಿಯಿತು, ದನಿ ಹೋಯಿತು. ಉಳಿದದ್ದು ಪಿಸುಮಾತು ಮಾತ್ರ. ರೋಗ ಬರುವುದಕ್ಕೆ ಮುಂಚೆ ಅವಳ ಒಂದು ಹಾಡನ್ನು ಧ್ವನಿಮುದ್ರಣ ಮಾಡಿದ್ದರು. ಅದನ್ನು ಅವಳು ಹಾಡಿದ ಹಾಗೆಯೇ ಅವಳಿಗೆ ಕೇಳಿಸಬೇಕು ಎಂಬುದು ವ್ಯಾಪಾರಿಯ ಆಸೆ. ಮನೆಯ ಒಂದು ಕೋಣೆಯನ್ನು ಅದಕ್ಕೆಂದೇ ಬಿಟ್ಟು, ದೊಡ್ಡ ಸ್ಪೀಕರುಗಳನ್ನು ತಂದಿಟ್ಟ.

ಸನ್ಯಾಸಿಗೆ ಸ್ಪೀಕರಿನ ವಿಷಯ ಹೇಗೆ ಗೊತ್ತು ಎಂದು ಹುಬ್ಬೇರಿಸಬೇಡ. ಆ ಮನುಷ್ಯ ಇಲ್ಲಿಗೆ ಬಂದಾಗಲೆಲ್ಲ ನನ್ನ ತಲೆ ತಿಂದದ್ದು ಇದೇ ಮಾತಿನಿಂದ.

ಮೊದಲು ಮನೆಯವರಿಗೆ ಕೇಳಿಸಿದ. ತಂಬೂರಿಯ ಗುಂಗು ಸಾಲದು ಎಂದು ತಮ್ಮ ಹೇಳಿದ. ವ್ಯಾಪಾರಿ, ಕೆಳಗಿನ, ನಡುವಿನ, ಮೇಲಿನ ನಾದಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಈಕ್ವಲೈಜರೆಂಬ ಯಂತ್ರದಲ್ಲಿ ಕೆಳಗಿನ ನಾದವನ್ನು ಏರಿಸಿದ. ಮಾತು ಸ್ಪಷ್ಟವಿಲ್ಲ ಎಂದು ಸೊಸೆ ಹೇಳಿದಳು. ನಡುವಿನದನ್ನು ಏರಿಸಿದ. ತಾಳದ ಕಿಣಿಕಿಣಿ ಕಡಿಮೆ ಎಂದು ಅವನಿಗೇ ಅನಿಸಿತು. ಮೇಲಿನದನ್ನೂ ಏರಿಸಿದ. ಆಮೇಲೆ ಕೋಣೆಯ ದೋಷ ತಿದ್ದುವ ತಂತ್ರಾಂಶವೊಂದನ್ನು ತಂದ. ಅದು ಮೈಕಿನಿಂದ ಕೋಣೆಯನ್ನು ಅಳೆದು, ಕೂರುವ ಜಾಗದಲ್ಲಿ ಒಂದು ಕೆಳಸ್ವರ ತಗ್ಗಿದೆ ಎಂದು ತೋರಿಸಿತು. ಗೋಡೆಗೆ ಬಡಿದು ಮರಳುವ ನಾದ, ಎದುರು ಬರುವ ನಾದವನ್ನು ಅಲ್ಲೇ ನುಂಗುತ್ತಿತ್ತು. ಅಂಥ ತಗ್ಗು ಎಷ್ಟು ಸುರಿದರೂ ತುಂಬುವುದಿಲ್ಲ. ಅವನು ಆ ಸ್ವರವನ್ನು ಏರಿಸುತ್ತ ಸುರಿದೇ ಸುರಿದ. ಮೀಟರಿನ ಮೇಲೆ ಒಂದು ಗೇಣು ಹೆಚ್ಚಿಗೆ ಹರಿದು ಕೊಟ್ಟು ಗಿರಾಕಿಗಳನ್ನು ಗಳಿಸಿದವನು ಅವನು. ಯಾರಿಗೂ ಇಲ್ಲ ಎಂದು ಹೇಳಿ ಗೊತ್ತಿಲ್ಲ, ಯಾವುದನ್ನೂ ಕಡಿಮೆ ಮಾಡಿ ಗೊತ್ತಿಲ್ಲ.

ಎಲ್ಲ ಮುಗಿಸಿ ಹೆಂಡತಿಯನ್ನು ಕರೆದು ಕೂರಿಸಿದ. ಹಾಡು ಮೇಲೇರಿತು. ತಾರಸ್ವರ ಮುಟ್ಟುತ್ತಲೇ ಹೊಸ ಬಟ್ಟೆ ಹರಿದಂತೆ ದನಿ ಪರ್ರೆಂದು ಒಡೆಯಿತು.

"ನಾ ಹಿಂಗ ಹಾಡ್ತಿದ್ನೇನ್ರಿ?" ಎಂದು ಅವಳು ಪಿಸುಗುಟ್ಟಿದಳು. ಎದ್ದು ಒಳಗೆ ಹೋದಳು. ಪಾಪ, ಚೆನ್ನಾಗಿ ಹಾಡುತ್ತಿದ್ದೆ ಎಂಬ ನೆನಪೊಂದು ಅವಳಿಗೆ ಉಳಿದಿತ್ತು. ಅದೂ ಸುಳ್ಳಿರಬಹುದು ಎನಿಸಿತು.

ವ್ಯಾಪಾರಿ ಆಂಪ್ಲಿಫೈಯರಿನ ವಾಲ್ಯೂಮ್ ಇಳಿಸಿದ. ಹಾಡು ಸಣ್ಣದಾಯಿತು, ಒಡಕು ಹೋಗಲಿಲ್ಲ. ಇನ್ನೂ ಇಳಿಸಿದ. ಸಣ್ಣಗೆ ಒಡೆಯಿತು. ಸ್ಪೀಕರುಗಳನ್ನೇ ಬದಲಿಸಿದ. ಹಳೆಯ ಒಡಕು ಹೊಸದರಲ್ಲಿ ಇನ್ನೂ ಚೆನ್ನಾಗಿ ಕೇಳಿಸಿತು. ದಿನವೂ ಅಂಗಡಿಯಿಂದ ಬಂದು ಅದರ ಮುಂದೆ ಕೂರುವುದು, ಏನೋ ತಿರುವುವುದು, ತಲೆ ಹಿಡಿದುಕೊಳ್ಳುವುದು. ಕೊನೆಗೆ ಅವನಿಗೆ ಹಾಡೆಂದರೇ ಬೇಸರ ಬಂತು.

ಒಂದು ಸಂಜೆ ಹೆಂಡತಿ ಬಂದು ಬಾಗಿಲಲ್ಲಿ ನಿಂತಳು.

"ಅದನ್ನ ಅಳಿಸಿಬಿಡ್ರಿ. ಮಂದಿ ಸುಳ್ಳ ಹೊಗಳ್ಯಾರ ನನ್ನ."

"ಅಳಸ್ತೀನಿ ತಡಿ. ಅಷ್ಟು ಮ್ಯಾಲ ಹೋಗ್ತಿದ್ದಿಯಲ್ಲ, ದನಿ ಒಡೀದಂಗ ಏನ್ ಮಾಡ್ತಿದ್ದಿ ನೀ?"

"ಮ್ಯಾಲ ಹೋಗೋ ಹಾಡಿದ್ರ, ಶುರು ಮಾಡೂಕಿಂತ ಮೊದಲ ಸುರ ಇಳಿಸಿ ಹಿಡೀತಿದ್ದೆ. ಮ್ಯಾಲ ಹೋದಮ್ಯಾಲ ಇಳಸಾಕ ಬರ್ತದೇನು?"

ಆಗ ವ್ಯಾಪಾರಿಗೆ ಹೊಳೆಯಿತು. ಆ ಈಕ್ವಲೈಜರಿನೊಳಗೆ ನಾದವೆಲ್ಲ ಅಂಕಿಯಾಗಿ ಹರಿಯುತ್ತದೆ. ಅಲ್ಲಿ ಒಂದು ಕೊನೆಯ ಅಂಕಿ ಇರುತ್ತದೆ. ಅದನ್ನು ದಾಟಿದ್ದನ್ನೆಲ್ಲ ಯಂತ್ರ ತಲೆ ಕತ್ತರಿಸಿ ಮುಂದಕ್ಕೆ ಕಳಿಸುತ್ತದೆ. ಹಾಡಿನ ತಾರಸ್ವರ ಮೊದಲೇ ಆ ಅಂಕಿಯ ಹತ್ತಿರದಲ್ಲಿತ್ತು. ಅವನು ಕೊಟ್ಟ ಸ್ವಲ್ಪ ಸ್ವಲ್ಪವೆಲ್ಲ ಸೇರಿ ಅದನ್ನು ಆಚೆಗೆ ನೂಕಿತ್ತು. ಕತ್ತರಿ ಬೀಳುತ್ತಿದ್ದದ್ದು ಒಳಗೆ, ಅವನು ಇಳಿಸುತ್ತಿದ್ದದ್ದು ಕೊನೆಯಲ್ಲಿ, ಆಂಪ್ಲಿಫೈಯರಿನಲ್ಲಿ.

ಮರುದಿನ ಅವನು ತಗ್ಗಿಗೆ ಸುರಿಯುವುದನ್ನು ನಿಲ್ಲಿಸಿದ. ಏರಿಸಿದ್ದ ಉಳಿದ ನಾದಗಳಿಗೆ ಎಷ್ಟು ಜಾಗ ಬೇಕೋ ಅಷ್ಟನ್ನು ಮೊದಲಲ್ಲೇ, ಹಾಡು ಈಕ್ವಲೈಜರಿನ ಒಳಗೆ ಹೋಗುವ ಬಾಗಿಲಲ್ಲೇ ಇಳಿಸಿದ. ಹಾಡು ಮೆತ್ತಗೆ ಬಂತು. ಸಪ್ಪೆಯಾಯಿತು ಎಂದು ತಮ್ಮ ಮುಖ ಹುಳ್ಳಗೆ ಮಾಡಿದ. ವ್ಯಾಪಾರಿ ಹುಟ್ಟಿದ ಮೇಲೆ ಮೊದಲ ಸಲ, ಇರಲಿ ಬಿಡು ಎಂದ. ಬೇಕಾದ ಜೋರನ್ನು ಕೊನೆಯಲ್ಲಿ ಆಂಪ್ಲಿಫೈಯರಿನಿಂದ ಕೊಟ್ಟ. ಅಲ್ಲಿ ಜಾಗ ಬೇಕಾದಷ್ಟಿತ್ತು.

ಹೆಂಡತಿ ಒಲ್ಲದ ಮನಸ್ಸಿನಿಂದಲೇ ಬಂದು ಕುಳಿತಳು. ಹಾಡು ಮೇಲೇರಿತು. ತಾರಸ್ವರ ಬಂತು, ನಿಂತಿತು, ಇಡಿಯಾಗಿ ಇಳಿಯಿತು. ಅವಳು ಗಂಟಲ ಮೇಲೆ ಕೈ ಇಟ್ಟುಕೊಂಡು ಅತ್ತಳು. ಅವಳು ಹಾಡಿದ್ದರಲ್ಲಿ ಒಡಕು ಎಂದೂ ಇರಲಿಲ್ಲ.

ಗುರುಗಳು ಕಣ್ಣು ತೆರೆದರು. ಶಾಂತಮಲ್ಲ ತಲೆ ತಗ್ಗಿಸಿ ಕುಳಿತಿದ್ದ. ಅವನ ಕೈ ಸೊಂಟದ ಗೊಂಚಲಿನ ಮೇಲಿತ್ತು.

"ಆ ಮುದುಕಿ ನಾಳೆನೂ ಉಣ್ಣಾಕ ಬರ್ತಾಳ, ಶಾಂತಮಲ್ಲ, ಅಷ್ಟರಾಗ ಎರಡು ಕೀಲಿಕೈ ನನ್ನ ಮುಂದ ಇಟ್ಟು ಹೋಗು."