ಮರಳಿ ನೆಟ್ಟ ಮಾವು

ಹಾಲಗೆರೆ ಅಂತ ಒಂದು ರಾಜ್ಯ ಇತ್ತು, ಮಕ್ಕಳೇ. ಅಲ್ಲಿ ಸಂತೆಗೆ ಹೋಗೋ ದಾರೀಲಿ ಒಂದು ಮರವೂ ಇರಲಿಲ್ಲ. ಬಿಸಿಲಿಗೆ ಜನ ಬಸವಳಿದು ಬೀಳೋರು. ರಾಜ ಹೇಳಿದ, "ದಾರಿಯ ಎರಡೂ ಕಡೆ ಮಾವು ನೆಡಿ."

ಅರಮನೆ ಸಸಿತೋಟದ ಯಜಮಾನ ಬೊಮ್ಮಯ್ಯ ನೆಡಿಸಿದ. ನೀರು ಹಾಕೋಕೆ ಸಂಕವ್ವ ಅನ್ನೋ ಹೆಂಗಸನ್ನ ಇಟ್ಟರು. ಸಂಕವ್ವನಿಗೆ ಒಂದು ಗುಣ. ಕಣ್ಣಾರೆ ಕಾಣದೆ ಯಾವುದನ್ನೂ ನಂಬೋಳಲ್ಲ. ಮೊಸರು ಮಾರೋಳು ಬಂದರೆ ಗಡಿಗೆ ತಳ ನೋಡೋವರೆಗೂ ಬಿಡೋಳಲ್ಲ.

ಎಂಟೇ ದಿನಕ್ಕೆ ಸಸಿಗಳು ಒಣಗಿದವು.

"ಮರಳಿ ನೆಡ್ತೀನಿ," ಅಂದ ಬೊಮ್ಮಯ್ಯ. ನೆಟ್ಟ. ಸಂಕವ್ವ ಕೊಡ ಕೊಡ ನೀರು ಹೊತ್ತಳು. ಅವೂ ಒಣಗಿದವು. 'ಇದೇನು, ಒಂದಾದರೂ ಉಳೀಬಾರದಾ?' ಅಂತ ಅವಳ ಮನಸ್ಸು ಕೊರೀತು. ಆವತ್ತಿಂದ ಬೊಮ್ಮಯ್ಯನ ಗಾಡಿ ಮೇಲೆ ಕಣ್ಣಿಟ್ಟಳು. ಸಸಿತೋಟ ಬಿಡುವಾಗ ಗಾಡಿಯಿಂದ ಕೆಂಪು ಮಣ್ಣು ಉದುರೋದು. ಊರು ಸುತ್ತಿ ದಾರಿಗೆ ಬರೋ ಹೊತ್ತಿಗೆ ಒಂದು ಚೂರೂ ಉದುರುತ್ತಿರಲಿಲ್ಲ.

"ಮರಳಿ ನೆಡ್ತೀನಿ," ಅಂದ ಬೊಮ್ಮಯ್ಯ ಮೂರನೇ ಸಲ. ನೆಟ್ಟ. ಅವೂ ಬಾಡಿದವು. ಆಗ ಅವನು ರಾಜನ ಹತ್ತಿರ ಹೋಗಿ, "ತಪ್ಪು ನನ್ನದಲ್ಲ ಮಹಾಸ್ವಾಮಿ. ಆ ಸಂಕವ್ವನ ಕೈಗುಣವೇ ಕೆಟ್ಟದ್ದು. ಅವಳನ್ನ ಊರು ಬಿಡಿಸಿ," ಅಂದುಬಿಟ್ಟ.

ಆ ಮಾತು ಸಂಕವ್ವನ ಕಿವಿಗೂ ಬಿತ್ತು. ಊರು ಬಿಟ್ಟು ಎಲ್ಲಿಗೆ ಹೋಗೋದು? ಆದರೂ ಬಾಡಿದ ಒಂದು ಸಸೀನ ಕಿತ್ತು, ಸೆರಗಲ್ಲಿ ಸುತ್ತಿಕೊಂಡು ಅರಮನೆಗೆ ಬಂದಳು.

"ಏನಮ್ಮಾ ಹೇಳ್ತೀಯ?" ಅಂದ ರಾಜ.

"ನಾನು ಓದು ಬರಹ ಕಾಣದೋಳು ಮಹಾಸ್ವಾಮಿ. ಮರಳಿ ನೆಡೋದು ಅಂದರೆ ಏನು ಅಂತ ಬೊಮ್ಮಯ್ಯನೋರು ಒಂದಿಷ್ಟು ತಿಳಿಸಿಕೊಟ್ಟರೆ ಸಾಕು."

ಬೊಮ್ಮಯ್ಯ ಮೀಸೆ ತೀಡಿದ. "ಅಷ್ಟೂ ಗೊತ್ತಿಲ್ಲವಾ? ಸಸೀನ ಬೇರು ಹರಿಯದ ಹಾಗೆ, ಹುಟ್ಟಿದ ಮಣ್ಣಿನ ಹೆಂಟೆ ಸಮೇತ ಎತ್ತಬೇಕು. ಹಾಗೇ ಹೊಸ ಗುಂಡಿಗೆ ಇಳಿಸಬೇಕು. ಚಿಗುರೋವರೆಗೂ ಕಾಯಬೇಕು. ಅದಕ್ಕೆ ಮರಳಿ ನೆಡೋದು ಅಂತಾರೆ."

"ಹಂಗಾದರೆ ಇದರ ಬೇರು ಎಲ್ಲಿ?" ಸಂಕವ್ವ ಸೆರಗು ಬಿಚ್ಚಿದಳು. ಬುಡದಲ್ಲಿ ಒಂದೆಳೆ ಬೇರಿಲ್ಲ. ಕುಡುಗೋಲಿನ ಓರೆ ಕಡಿತ. ಅದು ಸಸಿ ಅಲ್ಲ, ಬರೀ ಕೊಂಬೆ.

ಆಸ್ಥಾನದಲ್ಲಿ ಗುಸುಗುಸು ಎದ್ದಿತು.

"ಬೇರಿದ್ದ ಸಸಿಗಳು ಎಲ್ಲಿ ಹೋದವು?" ಅಂದ ರಾಜ.

"ಬೊಮ್ಮಯ್ಯನೋರ ಹೊಲದಲ್ಲಿ ಹೊಸ ಮಾವಿನ ತೋಪು ಎದ್ದಿದೆ ಮಹಾಸ್ವಾಮಿ. ನನಗೆ ಅನುಮಾನ."

"ಸುಳ್ಳು!" ಬೊಮ್ಮಯ್ಯ ಕೂಗಿದ. "ಅವು ನಾನೇ ಮಾವಿನ ವಾಟೆ ಊರಿ ಬೆಳೆಸಿದ್ದು. ಹುಟ್ಟಿದ ಜಾಗದಲ್ಲೇ ಇವೆ. ಒಂದನ್ನೂ ಮರಳಿ ನೆಟ್ಟಿಲ್ಲ!"

"ಅಗೆದು ನೋಡೋಣ," ಅಂದಳು ಸಂಕವ್ವ.

ರಾಜನೇ ಹೊರಟ. ಬೊಮ್ಮಯ್ಯನದು ಕಾಡಿಗೆಯಂಥ ಕಪ್ಪು ಎರೆಹೊಲ. ಒಂದು ಸಸಿ ಬುಡ ಅಗೆದರು. ಕಪ್ಪು ಮಣ್ಣಿನ ನಡುವೆ ಬೇರಿಗೆ ಅಂಟಿಕೊಂಡು ಅರಮನೆ ಸಸಿತೋಟದ ಕೆಂಪು ಹೆಂಟೆ! ಎರಡನೆಯದು ಅಗೆದರು, ಕೆಂಪು. ಮೂರನೆಯದೂ ಕೆಂಪು. ಬೊಮ್ಮಯ್ಯ ರಾಜನ ಕಾಲಿಗೆ ಬಿದ್ದ.

"ಕೆಲಸ ಚೆನ್ನಾಗೇ ಬಲ್ಲೆ ನೀನು," ಅಂದ ರಾಜ. "ನಿನ್ನ ಹೊಲಕ್ಕೆ ಒಂದು ಥರ, ಊರಿನ ದಾರಿಗೆ ಇನ್ನೊಂದು ಥರ. ಈಗ ಇಷ್ಟನ್ನೂ ನಿನ್ನ ಕೈಯಾರೆ ದಾರಿಗೆ ಮರಳಿ ನೆಡು. ನೀರೂ ನೀನೇ ಹೊರು. ಸಸಿತೋಟ ಇನ್ಮೇಲೆ ಸಂಕವ್ವನದು."

ಬೊಮ್ಮಯ್ಯ ನೆಟ್ಟ. ಸಂಕವ್ವ ಪ್ರತಿ ಗುಂಡಿಗೂ ಬಗ್ಗಿ, ಬೇರು ಕಂಡ ಮೇಲೇ "ಹ್ಞೂಂ, ಮಣ್ಣು ಮುಚ್ಚಿ" ಅಂದಳು. ತಿಂಗಳು ಕಳೆಯಿತು. ದಾರಿಯುದ್ದಕ್ಕೂ ತಾಮ್ರದ ಬಣ್ಣದ ಚಿಗುರು ಬಂತು. ಆವತ್ತು ಸಂಕವ್ವ ಮೊದಲ ಸಲ ಅನುಮಾನ ಬಿಟ್ಟು ನಕ್ಕಳು.

ತಿಳೀತಾ ಮಕ್ಕಳೇ? ಮಣ್ಣಿಗೆ ಕಡ್ಡಿ ಚುಚ್ಚಿದರೆ ಅದು ನೆಡೋದಲ್ಲ. ಬೇರು ಉಳಿಸಿ, ಚಿಗುರೋವರೆಗೂ ಕಾದರೆ ಅದು ಮರಳಿ ನೆಡೋದು. ಎಲ್ಲರಿಗೂ ಸೇರಿದ್ದನ್ನ ಕದ್ದು, ತಪ್ಪನ್ನ ಬಡವರ ತಲೆಗೆ ಕಟ್ಟಬೇಡಿ. ಯಾರಾದರೂ ಹಾಗೆ ಕಟ್ಟೋಕೆ ಬಂದರೆ, ಹೆದರದೆ ಬುಡ ಕಿತ್ತು ನೋಡಿ.